ಫೌಜಿ ಸರ್‌ಗೆ ನಾವು ಕೊಟ್ಟ ಒಂದು ಅಂಕ

ಫಸ್ಟ್ ಇಯರ್ ವರ್ಕ್‌ಶಾಪ್ ಲ್ಯಾಬ್ ಅಂದ್ರೆ ನಮ್ಮ ಬ್ಯಾಚಿಗೆ ಮೊದಲು ನೆನಪಾಗೋದು ಅಂಗೈಯ ಬೊಬ್ಬೆ. ಎಂಎಸ್ ಪ್ಲೇಟನ್ನು ವೈಸ್‌ಗೆ ಬಿಗಿದು, ಫೈಲ್ ಹಿಡಿದು ಉಜ್ಜಿ ಉಜ್ಜಿ ವಿ-ಫಿಟ್ಟಿಂಗ್ ಮಾಡಬೇಕು. ಮುಗಿದ ಮೇಲೆ ಎರಡೂ ತುಂಡು ಜೋಡಿಸಿ ಟ್ಯೂಬ್‌ಲೈಟಿನ ಕಡೆ ಎತ್ತಿ ಹಿಡಿದರೆ ನಡುವೆ ಬೆಳಕು ಕಾಣಬಾರದು. ಕಂಡರೆ ಫಿಟ್ಟಿಂಗ್ ಸೆಕ್ಷನ್ನಿನ ಸರ್ ಬೈತಿರಲಿಲ್ಲ. ತುಂಡನ್ನು ವಾಪಸ್ ನಮ್ಮ ಕೈಗಿಟ್ಟು, "ಸೂರ್ಯ ಕಾಣಾಕತ್ತಾನಲ್ಲೋ ತಮ್ಮಾ" ಅಂತಿದ್ರು. ಅಷ್ಟೇ. ಇನ್ನೊಂದು ಗಂಟೆ ಉಜ್ಜಬೇಕು ಅಂತ ಅದರ ಅರ್ಥ.

ಸೀನಿಯರ್ಸ್ ಅವರಿಗೆ ಫೌಜಿ ಸರ್ ಅಂತ ಹೆಸರಿಟ್ಟಿದ್ದರು. ಕಟಿಂಗ್ ನೋಡಿದರೆ ಸಾಕು, ಯಾಕೆ ಅಂತ ಗೊತ್ತಾಗ್ತಿತ್ತು. ಮಿಲಿಟರಿಯಿಂದ ರಿಟೈರ್ ಆಗಿ ಬಂದವರಿರಬೇಕು, ಗೇಟಿನ ಸೆಕ್ಯೂರಿಟಿ ಅಂಕಲ್ ಥರ, ಅಂತ ನಾವು ಅಂದುಕೊಂಡಿದ್ವಿ. ಸೆಮಿಸ್ಟರ್ ಅರ್ಧಕ್ಕೆ ಬಂದಾಗ ಅವರು ಇದ್ದಕ್ಕಿದ್ದಂತೆ ಕಾಣೆಯಾದರು. ಫೌಂಡ್ರಿ ಸೆಕ್ಷನ್ನಿನವರು ಬಂದು ಎರಡೂ ಕಡೆ ನೋಡಿಕೊಳ್ಳತೊಡಗಿದರು. ಪಾಪ, ಒಳ್ಳೆಯ ಮನುಷ್ಯ. ತುಂಡಿನ ನಡುವೆ ಸೂರ್ಯ ಅಲ್ಲ, ಇಡೀ ಸೌರಮಂಡಲ ಕಂಡರೂ ರೆಕಾರ್ಡಿಗೆ ಸಹಿ ಹಾಕ್ತಿದ್ರು. ಆ ಎರಡು ತಿಂಗಳು ನಾವು ಹಬ್ಬ ಮಾಡಿದ್ವಿ.

ಹಬ್ಬದ ಬಿಲ್ ಬಂದದ್ದು ಲ್ಯಾಬ್ ಎಕ್ಸಾಮಿನಲ್ಲಿ. ಎಕ್ಸ್‌ಟರ್ನಲ್ ನಮ್ಮ ಜಾಬ್ ಎತ್ತಿ ನೋಡಿದರು, ನಮ್ಮ ಮುಖ ನೋಡಿದರು, ಅಂಕ ಕತ್ತರಿಸಿದರು. ಅದೇ ವಾರ ಆನ್‌ಲೈನ್ ಫೀಡ್‌ಬ್ಯಾಕ್ ಫಾರಂ ತೆರೆಯಿತು. "ಬೋಧಕರು ನಿಯಮಿತವಾಗಿ ತರಗತಿಗೆ ಬರುತ್ತಾರೆಯೇ?" ಐದಕ್ಕೆ ಎಷ್ಟು? ಮೆಸ್ಸಿನ ಕ್ಯೂನಲ್ಲಿ ನಿಂತು ಒಂದು ಒತ್ತಿದ್ವಿ. ಅಷ್ಟಕ್ಕೇ ಬಿಡದೆ ಕ್ಲಾಸ್ ಗ್ರೂಪಿನಲ್ಲಿ "ಫಿಟ್ಟಿಂಗ್‌ಗೆ 1 ಹಾಕ್ರೋ" ಅಂತ ಮೆಸೇಜೂ ಹಾಕಿದ್ವಿ. ಕಾಮೆಂಟ್ ಬಾಕ್ಸಿನಲ್ಲಿ "ಎರಡು ತಿಂಗಳು ನಾಪತ್ತೆ" ಅಂತ ಬರೆದದ್ದೂ ನಾವೇ. ನಾವು ಅಂದ್ರೆ ಒಂದೇ ಲ್ಯಾಬ್ ಬ್ಯಾಚಿನ ಮೂರು ಜನ: ಹಾವೇರಿಯವನು, ಮಂಡ್ಯದವನು, ಶಿವಮೊಗ್ಗದವಳು. ಯಾರು ಟೈಪ್ ಮಾಡಿದ್ದು ಅನ್ನೋದನ್ನು ಇಲ್ಲಿ ಬರೆಯೋದಿಲ್ಲ. ಮೂವರೂ ಸೇರಿಯೇ ಮಾಡಿದ್ದು.

ಅವರು ಎಲ್ಲಿಗೆ ಹೋಗಿದ್ದರು ಅಂತ ಗೊತ್ತಾಗಲು ನಮಗೆ ಥರ್ಡ್ ಇಯರ್ ಬರಬೇಕಾಯಿತು. ಮಿನಿ ಪ್ರಾಜೆಕ್ಟಿಗೆ ಒಂದು ಬ್ರ್ಯಾಕೆಟ್ ಬೇಕಿತ್ತು, ಸಂಜೆ ಹೊತ್ತು ವರ್ಕ್‌ಶಾಪ್ ತೆಗೆದುಕೊಡುವವರು ಅವರೊಬ್ಬರೇ. ಏಳು ಗಂಟೆವರೆಗೂ ನಮ್ಮ ಜೊತೆ ಇದ್ದು, ಕ್ಯಾಂಟೀನ್ ಮುಚ್ಚೋ ಹೊತ್ತಿಗೆ ಟೀ ಕುಡಿಸೋರು. ಒಂದು ಸಂಜೆ ಮಂಡ್ಯದವನು ಕೇಳೇಬಿಟ್ಟ: "ಸರ್, ನೀವು ಎಕ್ಸ್-ಸರ್ವೀಸ್‌ಮನ್ನಾ?"

"ಎಕ್ಸ್ ಅಲ್ಲೋ ಮಾರಾಯ. ಇನ್ನೂ ಅದೀನಿ. ಟಿಎ."

ಟಿಎ ಅಂದ್ರೆ ನಮಗೆ ಗೊತ್ತಿದ್ದದ್ದು ಟೀಚಿಂಗ್ ಅಸಿಸ್ಟೆಂಟ್. ಇದು ಟೆರಿಟೋರಿಯಲ್ ಆರ್ಮಿ. ಕನ್ನಡ ಪತ್ರಿಕೆಗಳು ಪ್ರಾದೇಶಿಕ ಸೇನೆ ಅಂತ ಬರೆಯುತ್ತವೆ. ಧೋನಿ 2011ರಲ್ಲಿ ಗೌರವ ಲೆಫ್ಟಿನೆಂಟ್ ಕರ್ನಲ್ ಆದದ್ದು, 2019ರಲ್ಲಿ ವರ್ಲ್ಡ್ ಕಪ್ ಮುಗಿಸಿ ಹದಿನೈದು ದಿನ ಕಾಶ್ಮೀರದಲ್ಲಿ ಡ್ಯೂಟಿ ಮಾಡಿದ್ದು ಇದರಲ್ಲೇ. ಅವರು ಹೋಗಿದ್ದ 106ನೇ ಪ್ಯಾರಾ ಬೆಟಾಲಿಯನ್ನಿನ ನೆಲೆ ನಮ್ಮ ಬೆಂಗಳೂರು. ಬೆಳಗಾವಿಯಲ್ಲಿ 115ನೇ ಮಹಾರ್ ಬೆಟಾಲಿಯನ್ ಇದೆ. ಫೌಜಿ ಸರ್ ಅವರದು ಯಾವುದು ಅನ್ನೋದು ನಮಗೆ ಗೊತ್ತು, ಆದರೆ ಬರೆಯಬೇಡಿ ಅಂದಿದ್ದಾರೆ, ಹಾಗಾಗಿ ಬರೆಯಲ್ಲ.

ಧೋನಿಯಿಂದಾಗಿ ಎಲ್ಲರಿಗೂ ಹೆಸರು ಗೊತ್ತಾಯಿತು, ಆದರೆ ಅದು ಹೇಗೆ ನಡೆಯುತ್ತೆ ಅನ್ನೋದು ಯಾರಿಗೂ ಗೊತ್ತಾಗಲಿಲ್ಲ. ಅದು ಹೀಗೆ. ಟಿಎಯಲ್ಲಿರುವವನು ಮೊದಲು ಬೇರೆ ಏನೋ ಆಗಿರಬೇಕು. ಫಿಟ್ಟರ್, ಲಾಯರ್, ರೈತ, ಅಂಗಡಿ ಇಟ್ಟವನು, ಎಂಜಿನಿಯರ್. ಇದು ನೌಕರಿ ಅಲ್ಲ ಅಂತ ಅವರ ಜಾಹೀರಾತಿನಲ್ಲೇ ಸ್ಪಷ್ಟವಾಗಿ ಹಾಕುತ್ತಾರೆ. ಕೈಯಲ್ಲಿ ಒಂದು ಸಂಪಾದನೆ ಇದ್ದವನು ಮಾತ್ರ ಬರಬೇಕು. ವರ್ಷಕ್ಕೆ ಎರಡು ತಿಂಗಳು ಕ್ಯಾಂಪು, ಆ ದಿನಗಳಿಗೆ ರೆಗ್ಯುಲರ್ ಸೇನೆಯ ಲೆಕ್ಕದಲ್ಲೇ ಸಂಬಳ. ಉಳಿದ ಹತ್ತು ತಿಂಗಳು ಅವನು ಯಾರೋ ಏನೋ, ನಮ್ಮ ನಿಮ್ಮ ಹಾಗೆ. ಸರ್ಕಾರ ಕರೆದರೆ ಮಾತ್ರ ಎರಡು ತಿಂಗಳ ಲೆಕ್ಕ ಇಲ್ಲ. ಎಷ್ಟು ದಿನ ಬೇಕೋ ಅಷ್ಟು ದಿನ. ಹಾಗೆ ಕರೆಯೋದಕ್ಕೆ ಅವರ ಭಾಷೆಯಲ್ಲಿ "ಎಂಬಾಡಿ" ಅಂತಾರಂತೆ. ವಾಪಸ್ ಕಳಿಸೋದು "ಡಿಸ್‌ಎಂಬಾಡಿ". ದೇಹ ಕೊಡೋದು, ದೇಹ ತೆಗೆಯೋದು! ಇದನ್ನು ಕೇಳಿ ನಾವು ನಕ್ಕೆವು. ಸರ್ ಕೂಡ ನಕ್ಕರು. "ಒಮ್ಮೆ ಮೂರು ವರ್ಷ ಎಂಬಾಡಿ ಆಗಿ ಜಮ್ಮು ಕಡೆ ಇದ್ನಿ. ತಿರುಗಿ ಬರೂದ್ರಾಗ ಹಳೆ ಫ್ಯಾಕ್ಟರಿಯೊಳಗ ನನ್ನ ಮಷೀನ್ ಮುಂದ ಬ್ಯಾರೆ ಹುಡುಗ ನಿಂತಿದ್ದ. ಅಲ್ಲಿಗೆ ಹೋಗೂದು ಏನೂ ತ್ರಾಸಿಲ್ಲ ತಮ್ಮಾ. ತಿರುಗಿ ಬರೂದ ತ್ರಾಸ."

ಈ ಮಾತು ತಲೆಯಲ್ಲಿ ಉಳಿದುಕೊಂಡಿತು. ರಾತ್ರಿ ಹಾಸ್ಟೆಲಿಗೆ ಬಂದು ಕಾಯ್ದೆ ಹುಡುಕಿದ್ವಿ. ಸೆಮಿಸ್ಟರ್ ಸಿಲಬಸ್ಸಿಗಿಂತ ಚಿಕ್ಕದು, ಒಂದು ಕೂತು ಓದಬಹುದು. 1948ರ ಕಾಯ್ದೆ. ಸೇನೆಯನ್ನು ರಾಜಾಜಿ ಉದ್ಘಾಟಿಸಿದ್ದು ಮರು ವರ್ಷ, 1949ರ ಅಕ್ಟೋಬರ್ 9ಕ್ಕೆ. ಈಗಲೂ ಆ ದಿನವನ್ನೇ ಟಿಎ ದಿನ ಅಂತ ಆಚರಿಸ್ತಾರೆ. ಬ್ರಿಟಿಷರ ಕಾಲದಲ್ಲೂ ಇಂಥದ್ದು ಇತ್ತು, ಆದರೆ ಎರಡು ಪಂಕ್ತಿ: 1920ರಲ್ಲಿ ಯುರೋಪಿಯನ್ನರು ಮತ್ತು ಆಂಗ್ಲೋ ಇಂಡಿಯನ್ನರಿಗೆ ಆಕ್ಸಿಲಿಯರಿ ಫೋರ್ಸ್, ಭಾರತೀಯರಿಗೆ ಬೇರೆಯಾಗಿ ಟೆರಿಟೋರಿಯಲ್ ಫೋರ್ಸ್. ಆ ಆಕ್ಸಿಲಿಯರಿ ಫೋರ್ಸಿನಲ್ಲಿ ಬೆಂಗಳೂರಿಗೊಂದು ಬೆಟಾಲಿಯನ್, ಕೋಲಾರದ ಚಿನ್ನದ ಗಣಿಗೇ ಒಂದು ಬೆಟಾಲಿಯನ್ ಇತ್ತು. ರಾಕಿ ಭಾಯ್ ಬರೋದಕ್ಕೆ ಬಹಳ ಮುಂಚೆ ಕೆಜಿಎಫ್‌ನಲ್ಲಿ ಗಣಿ ಕೆಲಸದ ನಡುವೆ ಬಂದೂಕು ಹಿಡಿದು ಕವಾಯತು ಮಾಡುವವರು ಇದ್ದರು ಅಂತಾಯಿತು.

ಕಾಯ್ದೆಯಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು 7ನೇ ಸೆಕ್ಷನ್. ಸೇನೆ ಕರೆದದ್ದಕ್ಕೆ ಕೆಲಸ ಬಿಟ್ಟು ಹೋದವನು ವಾಪಸ್ ಬಂದರೆ, ಅವನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳೋದು ಮಾಲೀಕನ ಕರ್ತವ್ಯ. ಬರೀ ತೆಗೆದುಕೊಂಡರೆ ಸಾಲದು, ನಡುವೆ ಹೋಗದೇ ಇದ್ದಿದ್ದರೆ ಅವನು ಯಾವ ಸ್ಥಿತಿಯಲ್ಲಿ ಇರ್ತಿದ್ದನೋ ಅದಕ್ಕಿಂತ ಕಡಿಮೆಯಾಗಬಾರದು. ತುಂಬಾ ಚೆನ್ನಾಗಿದೆ ಅಲ್ವಾ? ಮುಂದೆ ಓದಿ. ಮಾಲೀಕ ಆದೇಶಕ್ಕೆ ಒಪ್ಪದಿದ್ದರೆ ದಂಡ ಎಷ್ಟು? ಒಂದು ಸಾವಿರ ರೂಪಾಯಿವರೆಗೆ. ಜೊತೆಗೆ ಆರು ತಿಂಗಳ ಸಂಬಳ. 1948ರಲ್ಲಿ ಸಾವಿರ ಅಂದ್ರೆ ಮಾಲೀಕನಿಗೆ ನಡುಕ ಬರ್ತಿತ್ತೇನೋ. ಈಗ ನಮ್ಮ ಹಾಸ್ಟೆಲಿನಲ್ಲಿ ಹೀಟರ್ ಇಟ್ಟು ಸಿಕ್ಕಿಬಿದ್ದರೆ ಅದಕ್ಕಿಂತ ಹೆಚ್ಚು ಕಟ್ಟಬೇಕು.

ಅಮೆರಿಕದಲ್ಲಿ ಎಂಎಸ್ ಮಾಡ್ತಿರೋ ನಮ್ಮ ಸೀನಿಯರ್ ಒಬ್ಬರಿಗೆ ಇದನ್ನು ಹೇಳಿದಾಗ ಅಲ್ಲಿನ ಕಥೆ ಹೇಳಿದರು. ಅವರು ಇರೋದು ಟೆಕ್ಸಾಸ್. ಅಲ್ಲಿ ಒಂದೊಂದು ರಾಜ್ಯಕ್ಕೂ ತನ್ನ ನ್ಯಾಷನಲ್ ಗಾರ್ಡ್, ಪ್ರವಾಹ ಬಂದರೆ ಗವರ್ನರ್ ಕರೀತಾರೆ, ಯುದ್ಧ ಬಂದರೆ ಅಧ್ಯಕ್ಷರು ಕರೀತಾರೆ. ತಿಂಗಳಿಗೊಂದು ವೀಕೆಂಡ್, ವರ್ಷಕ್ಕೆ ಎರಡು ವಾರ ಅನ್ನೋದು ಅವರ ಹಳೇ ಲೆಕ್ಕ. 2017ರಲ್ಲಿ ಹಾರ್ವಿ ಚಂಡಮಾರುತ ಬಂದಾಗ ಟೆಕ್ಸಾಸ್ ಗವರ್ನರ್ ಇಡೀ ಗಾರ್ಡನ್ನೇ, ಸುಮಾರು 12,000 ಜನರನ್ನು, ಕರೆದರು. ಅದೂ ಸಾಲದು ಅಂತ ಆ ರಾಜ್ಯಕ್ಕೆ ಸ್ಟೇಟ್ ಗಾರ್ಡ್ ಅಂತ ಇನ್ನೊಂದಿದೆ, ಅದನ್ನು ಅಧ್ಯಕ್ಷರೂ ಮುಟ್ಟೋ ಹಾಗಿಲ್ಲ. ಅಲ್ಲಿ ಸ್ಟೂಡೆಂಟ್ಸೂ ಸೇರಬಹುದು, ಕಾಲೇಜು ಫೀಸಿಗೆ ಸಹಾಯ ಸಿಗುತ್ತೆ ಅಂತಲೇ ಸೇರುವವರಿದ್ದಾರೆ. ನಮ್ಮಲ್ಲಿ ರಾಜ್ಯಕ್ಕೊಂದು ಸೇನೆ ಇಲ್ಲ, ಇರೋ ಒಂದಕ್ಕೆ ಕೆಲಸ ಇಲ್ಲದವನು ಬರಬಾರದು.

ಬರಬಾರದು ಅಂತ ಪುಸ್ತಕದಲ್ಲಿದೆ. 2024ರ ನವೆಂಬರಿನಲ್ಲಿ ಬೆಳಗಾವಿಯಲ್ಲಿ ಟಿಎ ಭರ್ತಿ ರ್‍ಯಾಲಿ ನಡೆದಾಗ ಸಾವಿರಾರು ಹುಡುಗರು ಬಂದಿದ್ದ ವಿಡಿಯೊ ನೀವೂ ನೋಡಿರಬಹುದು. ರಾತ್ರಿ ರಸ್ತೆ ಪಕ್ಕ ಮಲಗಿದ ಆ ಹುಡುಗರಲ್ಲಿ "ನನಗೆ ಬೇರೆ ಕೆಲಸ ಇದೆ, ವರ್ಷಕ್ಕೆ ಎರಡು ತಿಂಗಳು ದೇಶಕ್ಕೆ ಕೊಡೋಣ ಅಂತ ಬಂದೆ" ಅನ್ನುವವರು ಎಷ್ಟು ಜನ ಇದ್ದಾರು? ಪಾರ್ಟ್ ಟೈಮ್ ಅಂತ ಬರೆದ ಬಾಗಿಲನ್ನು ಅವರು ಫುಲ್ ಟೈಮ್ ಅಂತ ಓದಿಕೊಂಡಿದ್ದರು. ಬೆಟಾಲಿಯನ್ನುಗಳನ್ನು ವರ್ಷಗಟ್ಟಲೆ ಎಂಬಾಡಿ ಮಾಡಿಯೇ ಇಡುವುದನ್ನು ನೋಡಿದರೆ ಅವರ ಓದು ಪೂರ್ತಿ ತಪ್ಪೂ ಅಲ್ಲ. ಆದರೆ ಪೆನ್ಶನ್ ಬೇಕು ಅಂದ್ರೆ ಜವಾನನಿಗೆ ಹೀಗೆ ಎಂಬಾಡಿ ಆದ ಸೇವೆಯೇ 15 ವರ್ಷ ಕೂಡಬೇಕು. ಹದಿನಾಲ್ಕಕ್ಕೆ ವಾಪಸ್ ಕಳಿಸಿದರೆ? ಫೌಜಿ ಸರ್ ಈ ಪ್ರಶ್ನೆಗೆ ಟೀ ಲೋಟ ತೊಳೆಯೋಕೆ ಎದ್ದು ಹೋದರು.

ಅದೇ ಸಂಜೆಯೋ ಮುಂದಿನ ವಾರವೋ, ನೆನಪಿಲ್ಲ, ಮಾತಿನ ಮಧ್ಯೆ ಅವರೇ ಹೇಳಿದರು. ಕಾಲೇಜಿನಲ್ಲಿ ಅವರದು ಕಾಂಟ್ರ್ಯಾಕ್ಟ್ ಕೆಲಸ. ಎರಡು ವರ್ಷದಿಂದ ಇನ್ಕ್ರಿಮೆಂಟ್ ನಿಂತಿದೆ. ಆಫೀಸಿನಲ್ಲಿ ಕೇಳಿದರೆ, "ವಿದ್ಯಾರ್ಥಿಗಳ ಫೀಡ್‌ಬ್ಯಾಕ್ ಸರಿ ಇಲ್ಲ ಸರ್, ನಾಪತ್ತೆ ಅಂತ ಬರೆದಿದ್ದಾರೆ" ಅಂದರಂತೆ. ಹೇಳುವಾಗ ಅವರಿಗೆ ಸಿಟ್ಟಿರಲಿಲ್ಲ. ಹಾವೇರಿಯವನು ಟೇಬಲ್ಲಿನ ಮೇಲೆ ಚೆಲ್ಲಿದ್ದ ಟೀಯನ್ನೇ ನೋಡ್ತಿದ್ದ. ನಾವು ಮೂವರೂ ಬಾಯಿ ಬಿಡಲಿಲ್ಲ.

ಆಮೇಲೆ 2025ರ ಮೇ ಬಂತು. 7ರಂದು ಬೆಂಗಳೂರಿನಲ್ಲಿ ಸೈರನ್ ಮಾಕ್ ಡ್ರಿಲ್, ಅದೇ ಬೆಳಗಿನ ಜಾವ ಆಪರೇಷನ್ ಸಿಂಧೂರ, 9ಕ್ಕೆ ಐಪಿಎಲ್ ನಿಂತಿತು. ನಮ್ಮ ಹಾಸ್ಟೆಲಿನಲ್ಲಿ, ನಾಚಿಕೆಯ ವಿಷಯ, ಆರ್‌ಸಿಬಿ ಇಷ್ಟು ಚೆನ್ನಾಗಿ ಆಡ್ತಿರೋ ವರ್ಷವೇ ಹೀಗಾಗಬೇಕಾ ಅನ್ನೋ ಚರ್ಚೆಯೇ ಜೋರಾಗಿತ್ತು. ಆ ಗದ್ದಲದಲ್ಲಿ ಶಿವಮೊಗ್ಗದವಳು ಗ್ರೂಪಿಗೆ ಒಂದು ಸುದ್ದಿ ಹಾಕಿದಳು: ಟೆರಿಟೋರಿಯಲ್ ಆರ್ಮಿಯ ಯಾರನ್ನು ಬೇಕಾದರೂ ಕರೆಯುವ ಅಧಿಕಾರವನ್ನು ಕೇಂದ್ರ ಸರ್ಕಾರ ಸೇನಾ ಮುಖ್ಯಸ್ಥರಿಗೆ ಕೊಟ್ಟಿದೆ. 1948ರ ನಿಯಮಗಳ 33ನೇ ನಿಯಮ. ಇರುವ 32 ಇನ್‌ಫೆಂಟ್ರಿ ಬೆಟಾಲಿಯನ್ನುಗಳಲ್ಲಿ 14ನ್ನು ಎಂಬಾಡಿ ಮಾಡಲು ಅನುಮತಿ, 2028ರ ಫೆಬ್ರವರಿವರೆಗೆ. ಸುದ್ದಿಯ ಕೆಳಗೆ ಅವಳು ಏನೂ ಬರೆದಿರಲಿಲ್ಲ.

ಬೆಳಿಗ್ಗೆ ವರ್ಕ್‌ಶಾಪಿಗೆ ಓಡಿದ್ವಿ. ಸರ್ ಎಂದಿನಂತೆ ಟೂಲ್ ರಿಜಿಸ್ಟರ್ ಬರೀತಿದ್ದರು. ಆರ್ಡರ್ ಅವರಿಗೆ ಬಂದದ್ದು ಕೆಲವು ದಿನ ಬಿಟ್ಟು. ಅದನ್ನು ಹಿಡಿದು ಆಫೀಸಿಗೆ ಹೋದರು, ಜೊತೆಗೆ ನಾವೂ ಹೋದ್ವಿ, ಪ್ರಾಜೆಕ್ಟ್ ಸಹಿ ಬೇಕು ಅನ್ನೋ ನೆಪ ಮಾಡಿಕೊಂಡು. ಅಲ್ಲಿ ಕೇಸ್ ವರ್ಕರ್ ಕಾಗದ ಓದಿದರು, ಕನ್ನಡಕ ಮೇಲೇರಿಸಿ ಕೇಳಿದರು: "ಸರ್, ಇದನ್ನ ಯಾವ ಹೆಡ್ಡಿಗೆ ಹಾಕೋದು? ಸಿಎಲ್ಲಾ, ಇಎಲ್ಲಾ, ಓಓಡಿನಾ?" ವ್ಯಂಗ್ಯ ಅಲ್ಲ, ನಿಜವಾಗಿ ಕೇಳಿದ್ದು. ಕಂಪ್ಯೂಟರಿನಲ್ಲಿ ಇರೋದು ಅಷ್ಟೇ ಕಾಲಂ. ಓಓಡಿ ಹಾಕಿದರೆ ಸಂಬಳ ಕೊಡಬೇಕು, ವಿತೌಟ್ ಪೇ ಹಾಕಿದರೆ ಮೂರು ತಿಂಗಳ ಮೇಲೆ ಸಿಸ್ಟಮ್ಮೇ ಕಾಂಟ್ರ್ಯಾಕ್ಟ್ ಕ್ಲೋಸ್ ಮಾಡುತ್ತೆ. ಸರ್ ಸುಮ್ಮನೆ ನಿಂತಿದ್ದರು. ಹೋಗೋ ಆರ್ಡರ್ ಕೈಯಲ್ಲಿ ಹಿಡಿದ ಮನುಷ್ಯ ಸ್ಕೂಲಿಗೆ ಲೇಟಾಗಿ ಬಂದ ಹುಡುಗನ ಹಾಗೆ ಒಬ್ಬ ಕ್ಲರ್ಕಿನ ಮುಂದೆ ನಿಂತದ್ದನ್ನು ನಾವು ನೋಡಿದ್ವಿ.

ಆ ರಾತ್ರಿ ಒಂದು ಪತ್ರ ಬರೆದ್ವಿ. ಪ್ರಿನ್ಸಿಪಾಲರಿಗೆ, ಎಚ್‌ಒಡಿ ಮೂಲಕ. ಮೊದಲ ಪ್ಯಾರಾದಲ್ಲಿ 7ನೇ ಸೆಕ್ಷನ್, ಜೊತೆಗೆ ಸೇವೆಯಲ್ಲಿರುವಾಗ ಪ್ರಾವಿಡೆಂಟ್ ಫಂಡ್ ಹಕ್ಕು ಕಾಯುವ 7ಎ. ಅದು ಸುಲಭ ಇತ್ತು. ಎರಡನೇ ಪ್ಯಾರಾ ಬರೆಯೋಕೆ ಬೆಳಗಾಯಿತು: ಆ ವರ್ಷದ ಫೀಡ್‌ಬ್ಯಾಕಿನಲ್ಲಿ ನಾಪತ್ತೆ ಅಂತ ಬರೆದವರು ನಾವು, ಇಡೀ ಕ್ಲಾಸಿಗೆ ಒಂದು ಹಾಕಿಸಿದವರೂ ನಾವು, ಅವರು ಎಲ್ಲಿದ್ದರು ಅಂತ ನಾವು ಕೇಳಿರಲಿಲ್ಲ. ಸಹಿ ಮಾಡಿ ಯುಎಸ್‌ಎನ್ ಬರೆದು ಕೊಟ್ವಿ. ಎಚ್‌ಒಡಿ ಓದಿ, "ಫೀಡ್‌ಬ್ಯಾಕ್ ಅನಾಮಧೇಯವಾಗಿರಬೇಕು ಅಂತ ರೂಲ್ ಇದೆ, ನೀವು ಹೀಗೆ ಹೆಸರು ಬರೆದುಕೊಡೋ ಹಾಗಿಲ್ಲ" ಅಂದರು. ಆದರೂ ಇಟ್ಟುಕೊಂಡರು.

ಸರ್ ಹೊರಟದ್ದು ರಾತ್ರಿ ಬಸ್ಸಿಗೆ. ಒಂದು ಹಸಿರು ಟ್ರಂಕು, ಒಂದು ಬ್ಯಾಗು. ಬಸ್ ಲೇಟಿತ್ತು. ಬೇರೆ ದಾರಿ ಇಲ್ಲದೆ ಅಲ್ಲೇ ಹೇಳಿಬಿಟ್ವಿ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಎರಡು ತಿಂಗಳು ನಾ ಇರಲಿಲ್ಲ ಅನ್ನೂದು ಖರೇನ ಐತಿ. ಎಲ್ಲಿದ್ನಿ ಅನ್ನೂ ಕಾಲಂ ಆ ಫಾರಮ್ಮಿನಾಗ ಇಲ್ಲ, ನೀವರ ಏನ್ ಮಾಡ್ತೀರಿ" ಅಂದರು. ಕ್ಷಮಿಸಿದರೋ ಇಲ್ಲವೋ ಗೊತ್ತಾಗಲಿಲ್ಲ. ಬಸ್ ಬಂತು.

ಈಗ ನಾವು ಫೈನಲ್ ಇಯರ್. ಪತ್ರದ ಫಲವೋ, ಎಚ್‌ಒಡಿಯವರ ಒಳ್ಳೆಯತನವೋ, ಸರ್ ಕಾಂಟ್ರ್ಯಾಕ್ಟ್ ಕ್ಲೋಸ್ ಆಗಿಲ್ಲ. "ಮುಂದಿನ ಆದೇಶದವರೆಗೆ" ಅಂತ ಇಟ್ಟಿದ್ದಾರಂತೆ. ನಿಂತ ಇನ್ಕ್ರಿಮೆಂಟ್ ಮಾತ್ರ ನಿಂತೇ ಇದೆ. ಫಿಟ್ಟಿಂಗ್ ಸೆಕ್ಷನ್ ಮತ್ತೆ ಫೌಂಡ್ರಿ ಸರ್ ತಲೆ ಮೇಲೆ ಬಿದ್ದಿದೆ. ಎರಡು ಕಡೆ ಕೆಲಸ, ಒಂದು ಸಂಬಳ. ಒಬ್ಬ ಯೋಧನ ಹಿಂದೆ ಹೀಗೆ ಅವನ ಪಾಲಿನ ಕೆಲಸ ಹೊರುವ ಇನ್ನೊಬ್ಬ ಇರ್ತಾನೆ ಅನ್ನೋದು ನಮಗೂ ಹೊಳೆದಿರಲಿಲ್ಲ, ಅವರಿಗೂ ಒಂದು ಕಾಲಂ ಇಲ್ಲ.

ಇನ್ನೊಂದು ಸಂಗತಿ. ನಮ್ಮ ಶಿವಮೊಗ್ಗದವಳು ಟಿಎ ಆಫೀಸರ್ ಪರೀಕ್ಷೆ ಬರೀತಾಳಂತೆ. ಡಿಗ್ರಿ, 18ರಿಂದ 42ರ ಒಳಗಿನ ವಯಸ್ಸು, ಒಂದು ಉದ್ಯೋಗ, ಇಷ್ಟಿದ್ದರೆ ಅರ್ಜಿ ಹಾಕಬಹುದು. ಆಮೇಲೆ ಲಿಖಿತ ಪರೀಕ್ಷೆ, ಎಸ್‌ಎಸ್‌ಬಿ. ಹುಡುಗಿಯರನ್ನು ತಗೋತಾರಾ ಅಂತ ನಾವಿಬ್ಬರು ಪೆದ್ದರ ಹಾಗೆ ಕೇಳಿ ಬೈಸಿಕೊಂಡ್ವಿ. ರೈಲ್ವೆ, ತೈಲ ಕಂಪನಿಗಳಂಥ ಇಲಾಖೆಗಳ ಟಿಎ ಘಟಕಗಳಿಗೆ ಮಾತ್ರ ಮೊದಲು ಮಹಿಳೆಯರು ಹೋಗಬಹುದಿತ್ತು. 2016ರಲ್ಲಿ ಮೊದಲ ಮಹಿಳಾ ಅಧಿಕಾರಿಯಾದ ಶಿಲ್ಪಿ ಗರ್ಗಮುಖ್ ಕೆಮಿಕಲ್ ಎಂಜಿನಿಯರ್. ಆಮೇಲೆ 2018ರಲ್ಲಿ ದೆಹಲಿ ಹೈಕೋರ್ಟ್, ಕಾಯ್ದೆಯಲ್ಲಿ "ಯಾವುದೇ ವ್ಯಕ್ತಿ" ಅಂತ ಇದೆ, ಅದರಲ್ಲಿ ಹೆಣ್ಣೂ ಸೇರ್ತಾಳೆ ಅಂದಿತು. ಇದನ್ನೆಲ್ಲ ಅವಳು ಬಾಯಿಪಾಠ ಮಾಡಿಟ್ಟಿದ್ದಾಳೆ. ವಯನಾಡು ಕುಸಿದಾಗ 122ನೇ ಟಿಎ ಬೆಟಾಲಿಯನ್ನಿನವರು ಕೆಸರಿನಲ್ಲಿ ಇಳಿದದ್ದು, ಮಸ್ಸೂರಿ ಬೆಟ್ಟದ ಸುಣ್ಣಕಲ್ಲು ಕ್ವಾರಿಗಳಲ್ಲಿ 1982ರಿಂದ ಪರಿಸರ ಬೆಟಾಲಿಯನ್ ಗಿಡ ನೆಟ್ಟದ್ದು, ಮ್ಯಾಂಡರಿನ್ ಬಲ್ಲವರನ್ನು ಈಚೆಗೆ ತೆಗೆದುಕೊಂಡದ್ದು. ಬಂದೂಕೊಂದೇ ಅಲ್ಲ ಅಂತ ಅವಳ ವಾದ.

ತೊಡಕು ಬಂದದ್ದು ಆಫರ್ ಲೆಟರಿನಲ್ಲಿ. ಮೂವರಿಗೂ ಪ್ಲೇಸ್‌ಮೆಂಟ್ ಆಗಿದೆ, ಮೂರು ಬೇರೆ ಕಂಪನಿ, ಮೂರರಲ್ಲೂ ಅದೇ ಸಾಲು: ಲಿಖಿತ ಅನುಮತಿ ಇಲ್ಲದೆ ಬೇರೆ ಯಾವುದೇ ಸೇವೆ, ಉದ್ಯೋಗ ಮಾಡುವಂತಿಲ್ಲ. ಟಿಎಗೆ ಅರ್ಜಿ ಹಾಕಲು ಕೆಲಸ ಬೇಕು, ಕೆಲಸ ಕೊಟ್ಟವರ ಎನ್‌ಒಸಿ ಬೇಕು. ಅವಳು ಎಚ್‌ಆರ್‌ಗೆ ಮೇಲ್ ಬರೆದಳು. ವರ್ಷಕ್ಕೆ ಎರಡು ತಿಂಗಳು, ಕರೆದರೆ ಜಾಸ್ತಿ, ನಿಮ್ಮ ಪಾಲಿಸಿ ಏನು? ಉತ್ತರ ಬಂತು: ಇದು ಮೂನ್‌ಲೈಟಿಂಗ್ ಅಡಿಯಲ್ಲಿ ಬರುತ್ತದೆಯೇ ಎಂದು ಲೀಗಲ್ ತಂಡದೊಂದಿಗೆ ಪರಿಶೀಲಿಸಿ ತಿಳಿಸುತ್ತೇವೆ. ಒಂದೂವರೆ ತಿಂಗಳಾಯಿತು. ಕೇಂದ್ರ ಸರ್ಕಾರದವರು, ಸಾರ್ವಜನಿಕ ಸೇವೆಯವರು ಆಗಿದ್ದರೆ 20ರಿಂದ 40ರೊಳಗೆ ಬೇಕಾದರೆ ಕಡ್ಡಾಯವಾಗಿಯೂ ಕರೆಯಬಹುದು ಅಂತ ಅದೇ ಕಾಯ್ದೆಯ 6ಎ ಹೇಳುತ್ತೆ. ನಮ್ಮಂಥ ಸಾಫ್ಟ್‌ವೇರ್ ಕೂಲಿಗಳಿಗೆ ಮಾತ್ರ ತಾವಾಗಿ ಹೋಗೋಕೂ ಯಾರನ್ನೋ ಕೇಳಬೇಕು.

ಅವಳ ಅಪ್ಪ ಅಮ್ಮನಿಗೆ ಇನ್ನೂ ಹೇಳಿಲ್ಲ. ಬಾಂಡ್ ಎರಡು ವರ್ಷ, ಲೋನ್ ಏಳು ವರ್ಷ. ಕರೆ ಬಂದು ಮೂರು ವರ್ಷ ಹೋಗಿ ಬಂದರೆ ಅವಳ ಜಾಗದಲ್ಲಿ ಬೇರೆ ಹುಡುಗಿ ಕೂತಿರ್ತಾಳೆ, ಕಂಪನಿ ಸಾವಿರ ರೂಪಾಯಿ ದಂಡ ಕಟ್ಟಿ ಕೈ ತೊಳೆದುಕೊಳ್ಳುತ್ತೆ ಅಂತ ಮಂಡ್ಯದವನು ಹೆದರಿಸಿದ. "ಗೊತ್ತು ಕಣೋ" ಅಂದಳು. ಜಗಳ ಅಲ್ಲಿಗೇ ನಿಂತಿದೆ. ನಾವಿಬ್ಬರು ಹಾಕ್ತೀವಾ ಅಂತ ಅವಳು ತಿರುಗಿ ಕೇಳಿದಾಗ ಮಾತ್ರ ನಮ್ಮ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಕಳೆದ ವಾರ ಸರ್ ಅವರಿಂದ ವಾಯ್ಸ್ ಮೆಸೇಜ್ ಬಂತು. ಗಾಳಿ ಸದ್ದು ಜಾಸ್ತಿ, ಮಾತು ಕಡಿಮೆ. ಎಲ್ಲಿದ್ದೀನಿ ಅಂತ ಹೇಳಲಿಲ್ಲ, ನಾವೂ ಕೇಳಲಿಲ್ಲ. "ನಾಕನೇ ನಂಬರ್ ವೈಸಿನ ಹ್ಯಾಂಡಲ್ ಲೂಸ್ ಐತಿ, ಫಸ್ಟ್ ಇಯರ್ ಹುಡುಗೂರು ಕೈ ಜಜ್ಜಿಕೊಂಡಾರು, ಫೌಂಡ್ರಿ ಸರ್‌ಗೆ ಹೇಳ್ರಿ" ಅಂತ ಅಷ್ಟೇ. ಫೌಂಡ್ರಿ ಸರ್ ಲ್ಯಾಬಿನಲ್ಲಿ ಎರಡು ಬ್ಯಾಚ್ ನಡುವೆ ಓಡಾಡ್ತಿದ್ದರು. ಹಾಗಾಗಿ ನಾವೇ ಸ್ಪ್ಯಾನರ್ ತಗೊಂಡು ಬಿಗಿ ಮಾಡಿದ್ವಿ. ಪಕ್ಕದಲ್ಲಿ ಒಬ್ಬ ಫಸ್ಟ್ ಇಯರ್ ಹುಡುಗ ತನ್ನ ವಿ-ಫಿಟ್ಟಿಂಗ್ ತೋರಿಸಿ, "ಅಣ್ಣ, ಇದು ಓಕೆನಾ?" ಅಂದ. ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು ನೋಡಿದ್ವಿ. ಕೂದಲೆಳೆಯಷ್ಟು ಬೆಳಕು ಕಂಡಿತು. ಇನ್ನೂ ಉಜ್ಜು ಅಂತ ವಾಪಸ್ ಕೊಟ್ವಿ.